ಗೊಂಚಲ ಮೇಲಿನ ಕೈ

ಯಲಹಂಕದ ಹಳೇ ಪೇಟೆಯಲ್ಲಿ ಸುಬ್ರಹ್ಮಣ್ಯನ ಫೋಟೋ ಸ್ಟುಡಿಯೋ ಇತ್ತು. ಬಾಗಿಲ ಮೇಲೆ ಅವನೇ ಬರೆಸಿದ ಬೋರ್ಡು: ‘ಕಣ್ಣು ಸುಳ್ಳು ಹೇಳೀತು, ಲೆನ್ಸು ಹೇಳದು.’ ಬರೆಸಿದ ದಿನ ರಸ್ತೆಯಲ್ಲಿ ನಿಂತು ಹಿಗ್ಗಿನಿಂದ ಓದಿಕೊಂಡಿದ್ದ. ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುವ ಮಾತು ಬೋರ್ಡಿಗೂ ಸಲ್ಲುತ್ತದೆ ಅಂತ ಪಾಪ ಅವನಿಗೆ ಹೇಳುವವರಿರಲಿಲ್ಲ.

ಚೀನಾ ಯುದ್ಧದ ಹಿಂದಿನ ವರ್ಷ, ಶಿವರಾತ್ರಿ ಹೊತ್ತಿಗೆ, ಕೆಂಪಾಪುರದ ದೊಡ್ಡಮುನಿಯಪ್ಪನ ದ್ರಾಕ್ಷಿ ತೋಟದಲ್ಲಿ ಕಳ್ಳತನ ಶುರುವಾಯಿತು. ಮೊದಲ ಗೊಂಚಲು ಪಟಾಲಮ್ಮನ ಗುಡಿಗೆ ಹೋಗುವ ತನಕ ಯಜಮಾನನೂ ಹಣ್ಣಿಗೆ ಕೈ ಹಾಕುವಂತಿಲ್ಲ. ಅಂಥದ್ದರಲ್ಲಿ ಯಾರೋ ನಡುಮಧ್ಯಾಹ್ನ, ಆಳುಗಳು ಉಣ್ಣಲು ಕೂತ ಹೊತ್ತಿನಲ್ಲಿ, ಕೊಯ್ದುಕೊಂಡು ಹೋಗುತ್ತಿದ್ದರು. ಕಾವಲು ಕೂತ ದಿನ ಮಾತ್ರ ಕಳ್ಳನ ಸುಳಿವಿರುತ್ತಿರಲಿಲ್ಲ. ದೂರದಿಂದ ಕಾಯುವುದೇ ಸರಿ ಎಂದು ದೊಡ್ಡಮುನಿಯಪ್ಪ ಸುಬ್ರಹ್ಮಣ್ಯನಿಗೆ ಹೇಳಿಕಳಿಸಿದ.

ಸುಬ್ರಹ್ಮಣ್ಯನ ಹತ್ತಿರ ಮಿಲಿಟರಿಯವರು ಹರಾಜು ಹಾಕಿದ ಮೊಳದುದ್ದದ ಲೆನ್ಸೊಂದಿತ್ತು. ಅದನ್ನು ಕ್ಯಾಮೆರಾಕ್ಕೆ ತೊಡಿಸಿ, ಕೆರೆ ಏರಿಯ ಪೊದೆಯ ಮರೆಯಲ್ಲಿ ಕೂತು, ತೋಟದ ಕೊನೇ ಸಾಲಿಗೆ ಗುರಿಯಿಟ್ಟ. ಬಿಸಿಲು ಚೆನ್ನಾಗಿತ್ತು. ಲೆನ್ಸಿನ ಕಿಂಡಿ ಕಿರಿದು ಮಾಡಿದ. ಹಾಗೆ ಮಾಡಿದರೆ ಮುಂದಿರುವುದೂ ಹಿಂದಿರುವುದೂ ಒಂದೇ ಸಮ ಸ್ಪಷ್ಟವಾಗಿ ಬೀಳುತ್ತದೆ. ಎಲೆಗಳ ನಡುವೆ ಒಂದು ಕೈ ಮೇಲೆದ್ದಿತು. ಅವನು ಗುಂಡಿ ಒತ್ತಿದ. ಸಂಜೆಗೆ ಪ್ರಿಂಟು ಹಾಕಿ, ಬೀಗುತ್ತಾ ದೊಡ್ಡಮುನಿಯಪ್ಪನ ಕೈಗಿತ್ತ.

ಚಿತ್ರದಲ್ಲಿದ್ದವನು ಪಿಳ್ಳಪ್ಪ. ಆ ತೋಟಕ್ಕೆ ಕಡ್ಡಿ ನೆಟ್ಟವನು, ವರ್ಷವರ್ಷವೂ ಬಳ್ಳಿ ಸವರುವವನು, ಮೊದಲ ಗೊಂಚಲನ್ನು ತಲೆಯ ಮೇಲೆ ಹೊತ್ತು ಗುಡಿಗೆ ಒಯ್ಯುವವನು ಅವನೇ. ಅವನ ಕೈ ಗೊಂಚಲ ಮೇಲಿತ್ತು.

ಪಿಳ್ಳಪ್ಪ ಅಳಲಿಲ್ಲ, ಕೂಗಾಡಲಿಲ್ಲ. ತಾನು ಬೇಲಿಯಾಚೆ, ಎಷ್ಟೋ ದೂರದ ಹೊಂಗೆ ಮರದಡಿ, ಮೇಕೆಗೆಂದು ಕೊಂಬೆ ಬಗ್ಗಿಸುತ್ತಿದ್ದೆ ಅಂದ. ಗುಡಿಯಲ್ಲಿ ಕರ್ಪೂರ ಹಚ್ಚಿ ಆಣೆ ಮಾಡಿದ. ಹಿಂದಿನ ವರ್ಷವಾಗಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. ಈಗ ದೇವರ ಎದುರಿಗೊಂದು ಫೋಟೋ ಬಂದು ಕೂತಿತ್ತು.

ಸುಬ್ರಹ್ಮಣ್ಯನಿಗೆ ಮನಸ್ಸು ತಡೆಯಲಿಲ್ಲ. ಹೋಗಿ ನೋಡಿದ. ಬೇಲಿಯಾಚೆ, ಒಂದು ಹೊಲ ದಾಟಿದ ಮೇಲೆ, ಹೊಂಗೆ ಮರ. ಮುರಿದ ಕೊಂಬೆ ಇನ್ನೂ ಹಸಿಯಾಗಿತ್ತು. ಅಲ್ಲಿಂದ ತಿರುಗಿ ನೋಡಿದರೆ ತೋಟದ ಕೊನೇ ಸಾಲು, ಅದರಾಚೆ ತಾನು ಕೂತಿದ್ದ ಏರಿ, ಎಲ್ಲ ಒಂದೇ ಗೆರೆಯಲ್ಲಿದ್ದವು. ದೂರದಿಂದ ನೋಡುವ ಆ ಉದ್ದನೆಯ ಲೆನ್ಸು ನಡುವಿನ ಹೊಲವನ್ನು ನುಂಗಿ, ಮರದಡಿಯ ಕೈಯನ್ನು ತಂದು ಗೊಂಚಲಿಗೆ ಅಂಟಿಸಿತ್ತು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಹೇಳಿದ್ದಾರೆ. ಇವನು ಪ್ರಮಾಣಿಸಿದ್ದು ಪ್ರಿಂಟು ಕೊಟ್ಟ ಮೇಲೆ.

ಓಡಿಹೋಗಿ ದೊಡ್ಡಮುನಿಯಪ್ಪನಿಗೆ ಬಿಡಿಸಿ ಹೇಳಿದ. ಕೈಮುಗಿದು ಏರಿಗೆ ಕರೆತಂದ. ಪಿಳ್ಳಪ್ಪನನ್ನು ಹೊಂಗೆಯ ಕೆಳಗೆ ಕೈಯೆತ್ತಿ ನಿಲ್ಲಿಸಿ, ಕರಿಬಟ್ಟೆಯೊಳಗೆ ಯಜಮಾನನ ತಲೆ ತೂರಿಸಿ, ಕ್ಯಾಮೆರಾದ ಹಿಂಬದಿಯ ಗಾಜಿನಲ್ಲಿ ನೋಡಲು ಹೇಳಿದ. ದೊಡ್ಡಮುನಿಯಪ್ಪ ಬಹಳ ಹೊತ್ತು ನೋಡಿ, ಬೆವರೊರೆಸುತ್ತಾ ಹೊರಬಂದ.

“ಇದ್ರಾಗೆ ಮನುಷ್ಯ ತಲೆಕೆಳಗಾಗಿ ನಿಂತವ್ನೆ. ಬಳ್ಳಿ ಬಾನಿಂದ ಇಳಿಬಿದ್ದದೆ. ಇದನ್ನ ಎಂಗೆ ನಂಬೋದು ಸ್ವಾಮಿ?”

ಕ್ಯಾಮೆರಾದೊಳಗೆ ಎಲ್ಲವೂ ಹಾಗೇ ಬೀಳುವುದು, ಆ ಫೋಟೋ ಕೂಡ ಹಾಗೇ ಬಿದ್ದದ್ದು ಎಂದು ಸುಬ್ರಹ್ಮಣ್ಯ ಗೋಗರೆದ. ದೊಡ್ಡಮುನಿಯಪ್ಪ ಕೆಟ್ಟವನಲ್ಲ. ಜೇಬಿನಿಂದ ಫೋಟೋ ತೆಗೆದು, ನೆಟ್ಟಗೆ ಹಿಡಿದು ತೋರಿಸಿದ.

“ಇದು ಸರಿಯಾಗೈತಲ್ಲ. ಲೆನ್ಸು ಸುಳ್ಳೇಳಲ್ಲ ಅಂತ ಬೋರ್ಡ್ ಬರ್ಸಿರೋರು ನೀವೇ ಅಲ್ವಾ?”

ಆ ವರ್ಷ ಮೊದಲ ಗೊಂಚಲನ್ನು ಬೇರೊಬ್ಬ ಹೊತ್ತ. ಹೆಬ್ಬಾಳದಿಂದ ಯಲಹಂಕದ ತನಕ ಪಿಳ್ಳಪ್ಪನ ಕೈಗೆ ಕತ್ತರಿ ಕೊಡುವ ತೋಟವೇ ಇಲ್ಲವಾಯಿತು. ಕಳ್ಳತನ ಮಾತ್ರ ನಿಲ್ಲಲಿಲ್ಲ. ಅದನ್ನೂ ಪಿಳ್ಳಪ್ಪನ ತಲೆಗೇ ಕಟ್ಟಿದರು.

ಊರು ಬಿಡುವ ಮುಂಚೆ ಅವನು ಸ್ಟುಡಿಯೋಗೆ ಬಂದ. ಬಯ್ಯುತ್ತಾನೆ ಅಂದುಕೊಂಡು ಸುಬ್ರಹ್ಮಣ್ಯ ತಲೆ ತಗ್ಗಿಸಿ ಕೂತ. ಬಯ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಪಿಳ್ಳಪ್ಪ ಬೀರುವಿನಲ್ಲಿದ್ದ ಲೆನ್ಸುಗಳನ್ನು ಒಂದೊಂದಾಗಿ ನೋಡಿದ.

“ದೂರದ್ದನ್ನ ಅತ್ರ ತರೋದು ಐತೆ ಅಂದ್ರಿ. ನನ್ ಕೈನ ಆ ಗೊಂಚಲಿಂದ ಒಸಿ ದೂರ ಮಾಡೋದು ಇಲ್ವಾ ಸ್ವಾಮಿ?”

ಇತ್ತು. ಪಿಳ್ಳಪ್ಪನ ಕಣ್ಣೆದುರಿನ ಸಾಲಿನಲ್ಲೇ ಇತ್ತು. ಗಿಡ್ಡನೆಯದು, ತೋಟದೊಳಗೇ ನಿಂತು ತೆಗೆದರೆ ಬಳ್ಳಿಯನ್ನು ದೊಡ್ಡದು ಮಾಡಿ, ಮರದಡಿಯ ಮನುಷ್ಯನನ್ನು ಇರುವೆಯಷ್ಟಕ್ಕೆ ಇಳಿಸುವಂಥದ್ದು. ಆ ಮಧ್ಯಾಹ್ನ ಅದನ್ನು ತೊಡಿಸಿರಲಿಲ್ಲ, ಅಷ್ಟೇ.

“ಇಲ್ಲ ಪಿಳ್ಳಪ್ಪ,” ಅಂದ ಸುಬ್ರಹ್ಮಣ್ಯ.

ಪಿಳ್ಳಪ್ಪ ಅದನ್ನೂ ನಂಬಿದ.