ಮಾನನೀಯರ ಅಪ್ಪನ ಗ್ಲಾಸು

"ಬನ್ನಿ ಬನ್ನಿ, ಮಾನನೀಯ! ಇದು ನಿಮ್ಮದೇ ಅಂಗಡಿ!" ಟೀ ಅಂಗಡಿಯ ಒಡತಿ ಖಿಮಾ ಸಾಹುನಿ ಸೆರಗಿನಿಂದಲೇ ಬೆಂಚು ಒರೆಸಿದಳು.

ಸಂಸದರನ್ನು ಮಾನನೀಯ ಎಂದೇ ಕರೆಯುವುದು ನೇಪಾಳದ ರೂಢಿ. ದಿಲ್ಮಾಯಾ ಪರಿಯಾರ್ ಬಗ್ಗಿ ಒಳಗೆ ಬಂದಳು. ಇದೇ ಬಜಾರಿನ ಹೆಂಗಸರಿಗೆ ರವಿಕೆ ಹೊಲಿದು ಬೆಳೆದ ದಮಾಯಿ ಎಂಬ ದಲಿತ ಜಾತಿಯ ಕೇರಿಯ ಹುಡುಗಿ. ವಾರ್ಡಿಗೆ ನಿಂತಳು, ಗೆದ್ದಳು. ಸಂಸತ್ತಿಗೆ ನಿಂತಳು, ಅದನ್ನೂ ಗೆದ್ದಳು. ಅಸ್ಪೃಶ್ಯತೆ ಆಚರಿಸುವವರಿಗೆ ಶಿಕ್ಷೆ ಬಿಗಿಯಾಗಬೇಕು ಎಂದು ಕಠ್ಮಂಡುವಿನಲ್ಲಿ ಮೇಜು ಕುಟ್ಟಿ ಮಾತಾಡಿದವಳು. ಈಗ ಮತ್ತೆ ಚುನಾವಣೆ ಬಂದಿತ್ತು.

ಹೂವಿನ ಚಿತ್ರದ ಕಪ್ಪಿನಲ್ಲಿ ಟೀ ಬಂತು. ಒಂದು ಗುಟುಕು ಕುಡಿದು, ದಿನಾ ಇಲ್ಲೇ ಟೀ ಕುಡಿಯುವ ಅಪ್ಪನಿಗಾಗಿ ಸುತ್ತ ನೋಡಿದಳು. ಬಜಾರಿನ ಮದುವೆಗಳಿಗೆಲ್ಲ ಶಹನಾಯಿ ಊದಿದ ಜಸ್ಬೀರ್ ಹೊರಗೆ ಮೆಟ್ಟಿಲ ಹತ್ತಿರ ಬಕೆಟ್ಟಿನ ನೀರಲ್ಲಿ ತನ್ನ ಗ್ಲಾಸು ತೊಳೆಯುತ್ತಿದ್ದ. ತೊಳೆದು ಗೋಡೆಯ ಹೊರಗಿನ ಗೂಡಿನಲ್ಲಿ ಬೋರಲು ಹಾಕಿದ. ಚಿಕ್ಕವಳಿದ್ದಾಗ ಅವಳೂ ಹಾಗೇ ಮಾಡುತ್ತಿದ್ದಳು.

"ಅಪ್ಪ ಯಾಕೆ ಹೊರಗೆ?"

ಸಾಹುನಿ ಬೆಂಚಿನ ಗಿರಾಕಿಗಳತ್ತ ನೋಡಿ ದನಿ ತಗ್ಗಿಸಿದಳು. "ಜಸ್ಬೀರನಿಗೆ ಅಲ್ಲೇ ಅಭ್ಯಾಸ. ನಾನೇನು ಕೆಟ್ಟವಳಾ? ಅವನನ್ನ ಒಳಗೆ ಕೂರಿಸಿದ್ರೆ ಇವರೆಲ್ಲ ಎದ್ದು ಎದುರಂಗಡಿಗೆ ಹೋಗ್ತಾರೆ. ಗಂಡ ಇಲ್ದೋಳು, ಹೊಟ್ಟೆಪಾಡು ನೋಡ್ಬೇಕಲ್ವಾ? ನಿಮ್ಮ ವಿಷಯ ಬೇರೆ, ನೀವು ಮಾನನೀಯರು."

ಪಕ್ಷದ ಕಾರ್ಯದರ್ಶಿ ಉಪ್ರೇತಿ ಕಿವಿಯಲ್ಲಿ ಉಸುರಿದ: "ಅಕ್ಕಾ, ಈಗ ಬೇಡ. ಈ ಬಜಾರಿನ ಓಟು ಹೋದ್ರೆ ನಮ್ಮ ಕಥೆ ಮುಗೀತು. ಗೆದ್ಮೇಲೆ ಪೊಲೀಸ್ ಕಂಪ್ಲೇಂಟೇ ಕೊಡೋಣ."

"ಇವಳನ್ನ ಜೈಲಿಗೆ ಹಾಕಿಸೋಕೆ ಇವಳ ಹತ್ರಾನೇ ಓಟು ಕೇಳ್ಲಾ?"

ದಿಲ್ಮಾಯಾ ಕಪ್ಪು ಹಿಡಿದು ಹೊರಗೆ ಹೋಗಿ ಅಪ್ಪನ ಪಕ್ಕ ಮೆಟ್ಟಿಲ ಮೇಲೆ ಕೂತಳು. ಟೀ ಮುಗಿಸಿ ಬಕೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತು ಕಪ್ಪು ತೊಳೆಯತೊಡಗಿದಳು.

"ಅಯ್ಯಯ್ಯೋ, ಮಾನನೀಯ! ನೀವ್ಯಾಕೆ ತೊಳೀತೀರಿ? ನನ್ನ ಮಾನ ಹೋಗತ್ತೆ!"

"ಇಷ್ಟು ವರ್ಷ ಅಪ್ಪ ತೊಳೆದಾಗ ಯಾರ ಮಾನ ಹೋಗ್ತಿತ್ತು? ನಿನ್ನ ದಿಬ್ಬಣದ ಮುಂದೆ ಕೆನ್ನೆ ನೋಯೋವರೆಗೂ ಊದಿದ್ದು ಇವರೇ ಅಲ್ವಾ, ಖಿಮಕ್ಕಾ?"

ಬೆಂಚಿನವರೆಲ್ಲ ಬಾಗಿಲ ಕಡೆ ತಿರುಗಿದರು. ದಿಲ್ಮಾಯಾ ಅವರನ್ನು ನೋಡಿದಳು. ಈ ಜನ ಎದ್ದು ಹೋದರೆ ಓಟೂ ಅವರ ಹಿಂದೆಯೇ ಹೋಗುತ್ತದೆ. ಹೋಗಲಿ ಎಂದುಕೊಂಡು ಕಪ್ಪನ್ನು ಗೂಡಿನಲ್ಲಿ, ಅಪ್ಪನ ಗ್ಲಾಸಿನ ಪಕ್ಕ ಬೋರಲು ಹಾಕಿದಳು.

ಸಾಹುನಿ ದಡಬಡನೆ ಹೊರಗೆ ಬಂದಳು. ಎರಡನ್ನೂ ಎತ್ತಿಕೊಂಡು ಒಳಗೆ ಹೋಗಿ, ಎಲ್ಲರ ಗ್ಲಾಸು ತೊಳೆಯುವ ಜಾಗದಲ್ಲೇ ತೊಳೆದಳು. ಜಸ್ಬೀರನ ಗ್ಲಾಸಿಗೆ ಕೆಟಲಿನಿಂದ ಟೀ ಬಗ್ಗಿಸಿ, ಬೆಂಚಿನವರ ಮುಂದೆ ನಿಂತು, ಬಿಸಿಬಿಸಿಯಾಗಿಯೇ ಕುಡಿದಳು.

"ಎದುರಂಗಡಿಗೆ ಹೋಗೋರು ದುಡ್ಡಿಟ್ಟು ಹೋಗಿ," ಎಂದಳು.

ಒಬ್ಬ ಎದ್ದು ಹೋದ. ಉಳಿದವರು ತಂತಮ್ಮ ಟೀ ನೋಡುತ್ತಾ ಕೂತರು.

"ಜಸ್ಬೀರಣ್ಣ, ಒಳಗೆ ಬನ್ನಿ. ಮೆಟ್ಟಿಲ ಮೇಲೆ ಕೂತ್ರೆ ಗಿರಾಕಿಗಳಿಗೆ ದಾರಿ ಎಲ್ಲಿ?"

ಮುದುಕ ಟೋಪಿ ಸರಿಮಾಡಿಕೊಂಡು, ಮಗಳ ಜೊತೆ ಹೊಸ್ತಿಲು ದಾಟಿ, ಅವಳ ಪಕ್ಕ ಬೆಂಚಿನ ತುದಿಯಲ್ಲಿ ಕೂತ. ಸಾಹುನಿ ಟೀ ತುಂಬಿದ ಗ್ಲಾಸು ಕೊಟ್ಟಳು. ಒಂದು ಗುಟುಕು ಕುಡಿದು ಮುಖ ಕಿವುಚಿದ.

"ಸಕ್ಕರೆ ಸಾಲ್ದು, ಸಾಹುನಿ. ಮೊದಲಿಂದ್ಲೂ ಹೇಳ್ಬೇಕು ಅನ್ಕೊಳ್ತಿದ್ದೆ."

ಸಾಹುನಿ ಸಕ್ಕರೆ ಡಬ್ಬಿಯನ್ನೇ ತಂದು ಅವನ ಮುಂದಿಟ್ಟಳು.