ತಡವಾಗಿ ಬರುವ ದನಿ

“ಆವತ್ತು ಬೆಳಿಗ್ಗೆ ಅವಳು ಚಪ್ಪಲಿ ಬದಲಾಯಿಸಿಕೊಂಡು ಹೋದಳು,” ಎಂದು ಅಕ್ಕ ತನ್ನ ಪಾತ್ರದ ಮಾತನ್ನು ಮೈಕಿಗೆ ಹೇಳಿ ನಿಲ್ಲಿಸಿದಳು. ಕೋಣೆಯ ಮೂಲೆಯಲ್ಲಿದ್ದ ಸ್ಪೀಕರಿನಿಂದ ಅದೇ ಮಾತು ಕೂದಲೆಳೆಯಷ್ಟು ತಡವಾಗಿ ಬಂತು. ಬಂದದ್ದು ಎಂಟು ತಿಂಗಳ ಹಿಂದಿನ ಅವಳ ದನಿ.

ಅವಳ ತಮ್ಮ ಯಂತ್ರದ ನಾಬಿನ ಮೇಲಿಟ್ಟ ಬೆರಳನ್ನು ತೆಗೆಯಲಿಲ್ಲ. ತೆಗೆದರೆ ಎಲ್ಲಿ ಹೋಗಿಬಿಡುತ್ತದೋ ಎಂಬಂತೆ ಹಿಡಿದುಕೊಂಡೇ ಇದ್ದ. ಅಕ್ಕ ಸ್ಪೀಕರನ್ನೇ ನೋಡುತ್ತಿದ್ದಳು. ಕೆನ್ನೆಯ ಮೇಲೆ ನೀರಿಳಿದದ್ದನ್ನು ಒರೆಸಿಕೊಳ್ಳುವಷ್ಟು ಪರಿವೆಯೂ ಅವಳಿಗಿರಲಿಲ್ಲ.

“ನಾನೇ ಕಣೋ ಅದು,” ಎಂದಳು ಪಿಸುಮಾತಿನಲ್ಲಿ. ಮೈಕು ತೆರೆದೇ ಇತ್ತು. “ನಾನೇ ಕಣೋ ಅದು,” ಎಂದಿತು ಸ್ಪೀಕರು.

ಇಬ್ಬರೂ ನಕ್ಕರು. ಆ ಮನೆಯಲ್ಲಿ ನಗು ಕೇಳಿ ಬಹಳ ದಿನವಾಗಿತ್ತು.

ಅಕ್ಕ ಮೂವತ್ತು ವರ್ಷಗಳಿಂದ ನಾಟಕದವಳು. ಕೊನೆಯ ಸಾಲಿನಲ್ಲಿ ಕೂತವನಿಗೂ ಅವಳ ನಿಟ್ಟುಸಿರು ಕೇಳಿಸುತ್ತದೆ ಎಂದು ಜನ ಹೇಳುತ್ತಿದ್ದರು. ಕುತ್ತಿಗೆಯಲ್ಲಿ ಎದ್ದಿದ್ದ ಗಂಟನ್ನು ತೆಗೆಸಿಕೊಂಡಳು. ಗಂಟಿನಿಂದ ಅಪಾಯವಿಲ್ಲವೆಂದು ಆಮೇಲೆ ತಿಳಿಯಿತು, ಆದರೆ ದನಿಗೆ ಹೋಗುವ ನರವೊಂದು ಆ ದಿನದಿಂದ ಕೆಲಸ ನಿಲ್ಲಿಸಿತು. ಆರು ತಿಂಗಳಲ್ಲಿ ತಾನಾಗಿ ಸರಿಹೋಗಬಹುದು, ಹೋಗದೆಯೂ ಇರಬಹುದು ಎಂದರು ವೈದ್ಯರು. ಸರಿಹೋಗಲಿಲ್ಲ. ಈಗ ಅವಳು ಬಾಯಿ ತೆರೆದರೆ ಬರುತ್ತಿದ್ದುದು ಬಿರುಕು ಬಿಟ್ಟ ಕೊಳವೆಯಲ್ಲಿ ಗಾಳಿ ನುಗ್ಗಿದಂಥ, ತಗ್ಗಿದ, ಅರ್ಧ ಉಸಿರೇ ಆದ ಸದ್ದು.

ದನಿ ಮರಳಿಲ್ಲವೆಂದು ಹೊಸ ನಾಟಕದ ನಿರ್ದೇಶಕಿಗೆ ಗೊತ್ತಿರಲಿಲ್ಲ. ನಿರ್ದೇಶಕಿ ಅಕ್ಕನ ಓರಗೆಯವಳು, ಇಪ್ಪತ್ತು ವರ್ಷಗಳ ಗೆಳತಿ. ಕಾರ್ಖಾನೆಯ ಬೆಂಕಿಯಲ್ಲಿ ಮಗಳನ್ನು ಕಳೆದುಕೊಂಡ ತಾಯಿಯೊಬ್ಬಳು ನ್ಯಾಯಾಲಯದಲ್ಲಿ ಸಾಕ್ಷಿ ಹೇಳುವ ಪಾತ್ರವನ್ನು ಅವಳು ಅಕ್ಕನಿಗೆಂದೇ ಕಾದಿರಿಸಿದ್ದಳು. ಕಟಕಟೆಯಲ್ಲಿ ನಿಂತು ಒಬ್ಬಳೇ ಒಂಬತ್ತು ನಿಮಿಷ ಮಾತಾಡಬೇಕು. “ದನಿ ಬಂದಿದೆ, ಆದರೆ ಆಟದ ದಿನದವರೆಗೂ ಉಳಿಸಿಕೊ ಅಂದಿದ್ದಾರೆ ಡಾಕ್ಟರು,” ಎಂದು ಅಕ್ಕ ಸುಳ್ಳು ಹೇಳಿದ್ದಳು. ತಾಲೀಮಿನಲ್ಲಿ ಬರೀ ತುಟಿ ಆಡಿಸುತ್ತಿದ್ದಳು. ಅಂಥ ದೊಡ್ಡ ನಟಿಯನ್ನು ಯಾರು ಅನುಮಾನಿಸುತ್ತಾರೆ?

ಅಷ್ಟಾದ ಮೇಲೆ ಅವಳಿಗೆ ಉಳಿದ ದಾರಿ ತಮ್ಮನೊಬ್ಬನೇ. ಅವನು ನೃತ್ಯಗಳಿಗೆ, ನಾಟಕಗಳಿಗೆ ಮಾಡ್ಯುಲರ್ ಸಿಂಥಸೈಜರಿನಲ್ಲಿ ಸಂಗೀತ ಮಾಡುವವನು. ಹಿಂದಿನ ಕೋಣೆಯ ಮೇಜಿನ ಮೇಲೆ ಮರದ ಪೆಟ್ಟಿಗೆಯೊಂದರಲ್ಲಿ ಎರಡು ಸಾಲು ಲೋಹದ ಫಲಕಗಳು, ಅವುಗಳ ತುಂಬ ನಾಬುಗಳು, ಒಂದರಿಂದ ಇನ್ನೊಂದಕ್ಕೆ ಬಣ್ಣಬಣ್ಣದ ವೈರುಗಳು. ಬಾಡಿಗೆ ಕೇಳಲು ಬಂದ ಮನೆ ಮಾಲೀಕರು ಒಮ್ಮೆ ಇಣುಕಿ ನೋಡಿ, “ಏನಪ್ಪಾ, ಮನೇಲೇ ಟೆಲಿಫೋನ್ ಆಫೀಸ್ ಇಟ್ಟಿದೀಯಾ?” ಎಂದಿದ್ದರು. ಆ ಫಲಕಗಳಲ್ಲೊಂದು ಕೇಳಿಸಿಕೊಂಡ ಸದ್ದನ್ನು ಚೂರುಚೂರಾಗಿ ನೆನಪಿಟ್ಟುಕೊಂಡು, ಪ್ರತಿ ಚೂರನ್ನೂ ತುಸು ಬೇಗ ನುಡಿಸಿ, ಸ್ಥಾಯಿ ಏರಿಸಿ ವಾಪಸು ಕೊಡುತ್ತಿತ್ತು. ಸಾಮಾನ್ಯವಾಗಿ ಅವನು ಅದನ್ನು ಗಂಟೆಯ ನಾದವೊಂದು ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿ ಮಾಯವಾಗುವಂತೆ ಮಾಡಲು ಬಳಸುತ್ತಿದ್ದ. ಈಗ ಅದರ ಮರುಕಳಿಕೆಯನ್ನೆಲ್ಲ ಕಿತ್ತುಹಾಕಿ, ಒಂದೇ ಒಂದು ಸಲ, ನಾಲ್ಕೇ ಸ್ವರ ಮೇಲಕ್ಕೆ ಅಕ್ಕನ ಗಂಟಲನ್ನು ಎತ್ತುವಂತೆ ಕೂರಿಸಿದ್ದ. ಉಸಿರಿನ ಗೊರಗೊರವನ್ನು ಸೋಸಲು ಇನ್ನೆರಡು ಫಲಕಗಳು. ಮೂರು ವಾರ ಹಿಡಿದಿತ್ತು.

“ನಿಲ್ಲಿಸಬೇಡ, ಮುಂದಕ್ಕೆ ಹೇಳು,” ಎಂದ.

ಅಕ್ಕ ಹೇಳತೊಡಗಿದಳು. ಎರಡನೆಯ ವಾಕ್ಯದ ನಡುವೆ ನಾಲಗೆ ತೊಡರಿತು. ಮತ್ತೆ ಶುರುಮಾಡಿದಳು. “ನಾನು ಬಾ-ಬಾಗಿಲಲ್ಲಿ…” ಮೂರನೆಯ ಸಲ ಬಾಯಿ ತೆರೆದವಳು ಹಾಗೇ ನಿಂತುಬಿಟ್ಟಳು.

“ಏನಾಯ್ತು?”

“ನನ್ನ ಮಾತೇ ನನಗೆ ಅಡ್ಡ ಬರ್ತಿದೆ. ನಾನೊಂದು ಅಂದ್ರೆ ಅದು ಹಿಂದಿನದನ್ನ ಹೇಳ್ತಿರುತ್ತೆ. ಯಾರೋ ಸೆರಗು ಹಿಡಿದು ಎಳೆದ ಹಾಗೆ.”

ತಮ್ಮನಿಗೆ ಕಾರಣ ಗೊತ್ತಿತ್ತು. ಚೂರುಗಳನ್ನು ಜೋಡಿಸಲು ಯಂತ್ರಕ್ಕೆ ಹೊತ್ತು ಬೇಕು, ಸೆಕೆಂಡಿನ ಹತ್ತರಲ್ಲೊಂದು ಪಾಲು. ಕೇಳುವವರಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ. ಆದರೆ ಮಾತಾಡುವವರ ಕಿವಿಗೆ ತಮ್ಮದೇ ಮಾತು ಅಷ್ಟು ತಡವಾಗಿ ಬಿದ್ದರೆ ಎಂಥವರ ನಾಲಗೆಯೂ ಕಟ್ಟಿಹೋಗುತ್ತದೆ. ಅವನು ತಡವನ್ನು ಕಡಿಮೆ ಮಾಡಿದ. ಚೂರುಗಳು ಸಣ್ಣವಾದವು, ದನಿ ಬೇಗ ಬಂತು, ಆದರೆ ಬೆಸುಗೆಗಳೆಲ್ಲ ಎದ್ದು ಕಾಣುವ ತಗಡಿನ ದನಿ.

“ಇದೇನೋ, ಡಬ್ಬದೊಳಗೆ ಕೂರಿಸಿದೀಯ ನನ್ನ,” ಎಂದಳು ಅಕ್ಕ.

ಹೀಗೆ ಮಾಡಿದರೆ ತಗಡು, ಹಾಗೆ ಮಾಡಿದರೆ ತೊದಲು. ನಡುವೆ ಎಲ್ಲೂ ನೆಲೆ ಇರಲಿಲ್ಲ. ಆಟಕ್ಕೆ ಐದು ದಿನ ಉಳಿದಿತ್ತು.

“ಕಿವಿ ಮುಚ್ಕೊಂಡ್ರೆ?” ಎಂದಳು ಅಕ್ಕ ಆಮೇಲೆ.

ಎರಡೂ ಕಿವಿಗೆ ಹತ್ತಿ ತುರುಕಿಕೊಂಡರೆ ವಕೀಲನ ಪಾತ್ರದವನ ಪ್ರಶ್ನೆ ಕೇಳಿಸುವುದಿಲ್ಲ. ಹಾಗಾಗಿ ಪ್ರೇಕ್ಷಕರ ಕಡೆಯ ಒಂದು ಕಿವಿಗೆ ಮಾತ್ರ ಎಂದಾಯಿತು. ಸ್ಪೀಕರುಗಳೆಲ್ಲ ಸಭಿಕರ ಕಡೆಗೇ ಮುಖ ಮಾಡಿರುತ್ತವೆ, ವೇದಿಕೆಯ ಮೇಲೆ ಒಂದೂ ಇರದಂತೆ ನೋಡಿಕೊಳ್ಳುತ್ತೇನೆ ಎಂದ ತಮ್ಮ. ಅವಳು ತಲೆಯಾಡಿಸಿ, ಅವನ ಮಣಿಕಟ್ಟು ಹಿಡಿದುಕೊಂಡಳು.

“ಒಂದು ಮಾತು ಕೊಡು. ಏನೇ ಆಗಲಿ, ನಡುವೆ ಇದನ್ನ ತೆಗೀಬಾರದು.”

“ಅಕ್ಕ…”

“ನಾನು ಸತ್ತು ಬಿದ್ರೂ ತೆಗೀಬಾರದು. ಈ ಗಂಟಲು ಅಲ್ಲಿ ಯಾರಿಗೂ ಕೇಳಿಸಬಾರದು. ಕೇಳಿಸಿದ ದಿನ ನನ್ನ ಕಥೆ ಮುಗೀತು.”

ಅವನಿಗೆ ಏಳು ವರ್ಷವಾಗಿದ್ದಾಗ ಅಮ್ಮ ತೀರಿಹೋಗಿದ್ದಳು. ಅಕ್ಕನಿಗೆ ಆಗ ಹತ್ತೊಂಬತ್ತು. ಅಂದಿನಿಂದ ಅವಳು ಅವನನ್ನು ಏನನ್ನೂ ಕೇಳಿರಲಿಲ್ಲ. ಮಾತು ಕೊಟ್ಟ.

ಭಾನುವಾರ ನಾಲ್ಕು ಗಂಟೆಗೆ ಆಟ. ತಮ್ಮ ಸಭಾಂಗಣದ ಕಟ್ಟಕಡೆಯಲ್ಲಿ ಧ್ವನಿಯ ಮೇಜಿನ ಮುಂದೆ, ಅಕ್ಕನ ಮೈಕಿನ ವೈರನ್ನು ಪೆಟ್ಟಿಗೆಗೆ ಸಿಕ್ಕಿಸಿಕೊಂಡು ಕೂತಿದ್ದ. ಪೆಟ್ಟಿಗೆ ಹಿನ್ನೆಲೆ ಸಂಗೀತಕ್ಕೆ ಎಂದುಕೊಂಡು ಯಾರೂ ಏನೂ ಕೇಳಲಿಲ್ಲ. ಮೊದಲ ಅಂಕದಲ್ಲಿ ಅಕ್ಕನಿಗಿದ್ದುದು ಚಿಕ್ಕ ಚಿಕ್ಕ ಮಾತುಗಳು. ಮೊದಲ ಮಾತು ಸ್ಪೀಕರಿನಿಂದ ಹೊರಟಾಗ ಮುಂದಿನ ಸಾಲಿನಲ್ಲಿದ್ದ ನಿರ್ದೇಶಕಿ ಪಕ್ಕದವರ ಕೈ ಒತ್ತಿದ್ದು ಅಷ್ಟು ದೂರದಿಂದಲೂ ಕಾಣಿಸಿತು. ದಾಟಿಬಿಡುತ್ತೇವೆ ಎಂದು ತಮ್ಮನಿಗೆ ಅನ್ನಿಸಿತು.

ವಿರಾಮದಲ್ಲಿ ಅವನಿಗೆ ತಿಳಿಯದಂತೆ ಒಂದು ಸಂಗತಿ ನಡೆಯಿತು. ವಕೀಲನ ಪಾತ್ರದವನು ವೇದಿಕೆಯ ಮೇಲೆ ತನಗೆ ಅಕ್ಕನ ಮಾತೇ ಸರಿಯಾಗಿ ಕೇಳಿಸುತ್ತಿಲ್ಲವೆಂದು ದೂರಿದ. ಸಭಾಂಗಣದ ಎಲೆಕ್ಟ್ರಿಷಿಯನ್ ಉಪಕಾರವೆಂದು ವೇದಿಕೆಯ ಅಂಚಿನಲ್ಲೊಂದು ಸ್ಪೀಕರು ತಂದಿಟ್ಟು, ನಟರ ಕಡೆಗೆ ತಿರುಗಿಸಿ, ಪಕ್ಕದ ಗೋಡೆಯ ಸ್ವಿಚ್ಚಿಗೆ ಸಿಕ್ಕಿಸಿದ.

ಪರದೆ ಎದ್ದಿತು. ಅಕ್ಕ ಕಟಕಟೆ ಹತ್ತಿದಳು. ಒಂದು ವಾಕ್ಯ ಹೇಳಿದಳು. ಎರಡನೆಯದರಲ್ಲಿ ಅವಳ ತಲೆ ಪಟ್ಟನೆ ಸ್ಪೀಕರಿನ ಕಡೆ ಹೊರಳಿತು. ತಮ್ಮ ಆಗಲೇ ಆ ಹೊಸ ಸ್ಪೀಕರನ್ನು ನೋಡಿದ.

“ನಾನು ಬಾ… ಬಾ…”

ಮೊದಲ ತೊದಲನ್ನು ಜನ ಅಳುವೆಂದುಕೊಂಡರು. ಎರಡನೆಯದನ್ನೂ ನಟನೆಯೆಂದುಕೊಂಡರು. ಮೂರನೆಯದಕ್ಕೆ ಯಾರೋ ಕುರ್ಚಿಯಲ್ಲಿ ಮಿಸುಕಾಡಿದರು. ಆ ಸ್ಪೀಕರನ್ನು ಆರಿಸುವ ಸ್ವಿಚ್ಚು ವೇದಿಕೆಯ ಪಕ್ಕದಲ್ಲಿ, ಇವನು ಸಭಾಂಗಣದ ಈ ತುದಿಯಲ್ಲಿ. ಓಡಿದರೂ ಒಂದು ನಿಮಿಷ, ಅಲ್ಲಿ ಅವಳು ಒಂದು ಕ್ಷಣವನ್ನೂ ದಾಟಲಾರದೆ ನಿಂತಿದ್ದಾಳೆ. ಅವನು ನಾಬು ತಿರುಗಿಸಿ ತಡವನ್ನು ಇಳಿಸಿದ. ತಗಡಿನ ದನಿ ಹೊರಟಿತು. ಬಾಲ್ಕನಿಯಲ್ಲಿ ಯಾರೋ ಕಿಸಕ್ಕೆಂದರು. ಮಗಳು ಸತ್ತ ತಾಯಿ ಮಾತಾಡುತ್ತಿದ್ದಾಳೆ, ಜನ ನಗುತ್ತಿದ್ದಾರೆ. ನಾಬನ್ನು ಮೊದಲಿನ ಜಾಗಕ್ಕೇ ತಂದ. ತೊದಲು ಮರಳಿತು. ಅಕ್ಕನ ತುಟಿ ಚಲಿಸುತ್ತಿತ್ತು, ಮಾತು ಹೊರಡುತ್ತಿರಲಿಲ್ಲ. ಅವಳು ಕಟಕಟೆಯ ಮರವನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು, ಮುಳುಗುವವರು ಹಿಡಿಯುವ ಹಾಗೆ.

ಕೊಟ್ಟ ಮಾತು ನೆನಪಿತ್ತು. ನೆನಪಿದ್ದೇ ಅವನು ಪೆಟ್ಟಿಗೆಗೆ ಬರುವ ವೈರನ್ನು ಕಿತ್ತು ನೇರವಾಗಿ ಧ್ವನಿಯ ಮೇಜಿಗೆ ಸಿಕ್ಕಿಸಿದ.

“…ಗಿಲಲ್ಲಿ ನಿಂತಿದ್ದೆ,” ಎಂದಿತು ಬಿರುಕು ಕೊಳವೆಯ ದನಿ, ಸಭಾಂಗಣದ ತುಂಬ.

ಅಕ್ಕ ನಿಲ್ಲಿಸಿದಳು. ಕತ್ತಲಲ್ಲಿ ಅವನು ಕೂತಿದ್ದ ಕಡೆಗೆ ನೋಡಿದಳು. ಎಷ್ಟು ಹೊತ್ತು ಎಂದು ಅವನಿಗೆ ಆಮೇಲೆ ಎಷ್ಟು ಯೋಚಿಸಿದರೂ ಹೇಳಲಾಗಲಿಲ್ಲ. ಇಳಿದು ಹೋಗಿಬಿಡುತ್ತಾಳೆಂದುಕೊಂಡ. ಅವಳು ಕಿವಿಯ ಹತ್ತಿಯನ್ನು ತೆಗೆದು ಮುಷ್ಟಿಯಲ್ಲಿಟ್ಟುಕೊಂಡು ಮುಂದುವರಿಸಿದಳು. ಒಂಬತ್ತು ನಿಮಿಷದ ಮಾತಿಗೆ ಹದಿಮೂರು ನಿಮಿಷ ಹಿಡಿಯಿತು. ಕೆಲವು ಕಡೆ ಬರೀ ಉಸಿರು ಬಂತು, ಶಬ್ದ ಬರಲಿಲ್ಲ. ಮುಂದಿನ ಸಾಲಿನವರು ಬಗ್ಗಿ ಕೇಳಿದರು. ಬಾಲ್ಕನಿಯವರು ಕೆಲವರು ಎದ್ದು ಹೋದರು. ಕೊನೆಗೆ ಚಪ್ಪಾಳೆ ಬಂತು, ಎಲ್ಲ ನಾಟಕಗಳಿಗೂ ಬರುವಷ್ಟು.

ಬಣ್ಣದ ಕೋಣೆಗೆ ನಿರ್ದೇಶಕಿ ಒಬ್ಬಳೇ ಬಂದಳು. ತಮ್ಮ ಬಾಗಿಲ ಹೊರಗೆ ವೈರು ಸುತ್ತುತ್ತ ನಿಂತಿದ್ದ.

“ಅಂದ್ರೆ ದನಿ ಬರಲೇ ಇಲ್ವಾ?”

“ಎಂಟು ತಿಂಗಳಿಂದ ಹೀಗೇ.”

“ನನಗೊಂದು ಮಾತು ಹೇಳಬಹುದಿತ್ತಲ್ಲೇ.”

“ಹೇಳಿದ್ರೆ ಪಾತ್ರ ಕೊಡ್ತಿದ್ದೆಯಾ?”

ನಿರ್ದೇಶಕಿ ಕನ್ನಡಿಯ ಮುಂದಿದ್ದ ಬಾಚಣಿಗೆಯನ್ನು ಎತ್ತಿ, ನೋಡಿ, ಅಲ್ಲೇ ಇಟ್ಟಳು. “ಇಲ್ಲ,” ಎಂದಳು. ಬಾಗಿಲ ಕಡೆ ತಿರುಗಿ, “ಮುಂದಿನ ವಾರ ಮೂರು ಆಟ ಇದೆ. ಇದರ ಎರಡರಷ್ಟು ದೊಡ್ಡ ಹಾಲ್ ಕಣೇ ಅದು,” ಎಂದಳು.

“ಗೊತ್ತು,” ಎಂದಳು ಅಕ್ಕ.

ಮನೆಗೆ ಬಂದ ಮೇಲೆ ಅವಳು ಎರಡು ದಿನ ತಮ್ಮನ ಜೊತೆ ಮಾತಾಡಲಿಲ್ಲ. ತಟ್ಟೆಗೆ ಬಡಿಸುತ್ತಿದ್ದಳು, ಬಟ್ಟೆ ಒಣಗಿಸುತ್ತಿದ್ದಳು, ಅವನು ಎದುರಾದರೆ ಗೋಡೆಯನ್ನು ನೋಡುವ ಹಾಗೆ ನೋಡುತ್ತಿದ್ದಳು. ಅವನು ಅನ್ನದಲ್ಲಿ ಕೈಯಾಡಿಸಿ ಏಳುತ್ತಿದ್ದ. ಹಿಂದಿನ ಕೋಣೆಗೆ ಹೋಗಿ ಪೆಟ್ಟಿಗೆಯ ಮುಂದೆ ಕೂತರೆ ಒಂದು ವೈರನ್ನೂ ಮುಟ್ಟಲಾಗುತ್ತಿರಲಿಲ್ಲ. ಮಂಗಳವಾರ ಮಧ್ಯಾಹ್ನ ತಡೆಯಲಾರದೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ.

“ಬೈಯಾದ್ರೂ ಬೈ ಅಕ್ಕ.”

ಅವಳು ಪಾತ್ರೆ ತೊಳೆಯುವುದನ್ನು ನಿಲ್ಲಿಸಲಿಲ್ಲ. “ಮಾತು ಕೊಟ್ಟಿದ್ದೆ ನೀನು.”

“ನೀನು ಉಸಿರು ಕಟ್ಟಿ ನಿಂತಿದ್ದೆ. ಜನ ನಗ್ತಿದ್ರು.”

“ನಗಲಿ. ನನ್ನ ದನಿಗೆ ತಾನೇ ನಗ್ತಿದ್ರು.”

“ಅದು ನಿನ್ನ ದನಿ ಅಲ್ಲ, ಅಕ್ಕ. ಪೆಟ್ಟಿಗೇದು.”

ನಲ್ಲಿಯ ನೀರು ಸುರಿಯುತ್ತಲೇ ಇತ್ತು. ಅವಳ ಬೆನ್ನು ಅಲುಗಿತು. ತಮ್ಮ ಮುಂದೆ ಬಂದು ನಲ್ಲಿ ನಿಲ್ಲಿಸಿದ. ಸೋಪಿನ ಕೈಯಿಂದಲೇ ಅವಳು ಮುಖ ಮುಚ್ಚಿಕೊಂಡಿದ್ದಳು. ಅಳುವಿಗೂ ಈಗ ಸದ್ದಿರಲಿಲ್ಲ, ಭುಜ ಮಾತ್ರ ಕುಲುಕುತ್ತಿತ್ತು.

“ಗೊತ್ತು ಕಣೋ,” ಎಂದಳು ಮುಖ ಒರೆಸಿಕೊಳ್ಳುತ್ತ. “ಗೊತ್ತಿದ್ದಕ್ಕೇ ಇಷ್ಟು ಕೋಪ.”

ಮರುದಿನ ಮಧ್ಯಾಹ್ನ ಕರೆಗಂಟೆ ಸದ್ದುಮಾಡಿತು. ಬಾಗಿಲಲ್ಲಿ ತಂಡದ ಹುಡುಗಿಯೊಬ್ಬಳು, ಗುಮಾಸ್ತೆಯ ಪಾತ್ರ ಮಾಡಿದ್ದವಳು, ಸ್ಕ್ರಿಪ್ಟನ್ನು ಎದೆಗವಚಿಕೊಂಡು ನಿಂತಿದ್ದಳು.

“ಮೇಡಂ ತಾಯಿ ಪಾತ್ರ ನನಗೆ ಮಾಡು ಅಂದಿದ್ದಾರೆ. ನಾನಾಗಿ ಕೇಳಿದ್ದಲ್ಲ,” ಎಂದಳು ತಮ್ಮನಿಗೆ. “ನಾಲ್ಕು ದಿನದಲ್ಲಿ ನನ್ನ ಕೈಲಿ ಆಗಲ್ಲ ಅಂತ ಹೇಳಿದೆ. ಕೇಳಲಿಲ್ಲ. ಅಕ್ಕ ಇದಾರಾ?”

ತಮ್ಮ ಹಿಂದಕ್ಕೆ ನೋಡಿದ. ಅಕ್ಕ ಒದ್ದೆ ಕೈಯನ್ನು ಒರೆಸಿಕೊಳ್ಳುತ್ತ ಬಂದಳು. ಹುಡುಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಬಾಗಿಲು ಹಾಕಿಬಿಡುತ್ತಾಳೆಂದು ತಮ್ಮನಿಗೆ ಅನ್ನಿಸಿತು, ಹುಡುಗಿಗೂ ಅನ್ನಿಸಿರಬೇಕು, ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

“ಊಟ ಆಯ್ತಾ?” ಎಂದಳು ಅಕ್ಕ.

“ಏನಂದ್ರಿ?”

“ಊಟ ಆಯ್ತಾ ಅಂದೆ.”

ತಮ್ಮ ಹಿಂದಿನ ಕೋಣೆಗೆ ಹೋಗಿ ಕೂತ. ಪೆಟ್ಟಿಗೆಯ ದೀಪಗಳು ಆರಿದ್ದವು. ಗೋಡೆಯಾಚೆ ಕುರ್ಚಿ ಎಳೆದ ಸದ್ದು, ಪುಟ ಮಗುಚಿದ ಸದ್ದು. ಆಮೇಲೆ ಅಕ್ಕನ ಒಡಕು ಗಂಟಲು, ನಿಧಾನವಾಗಿ:

“ಊಟದ ಡಬ್ಬಿ ಮರೆತು ಹೋಗಿದ್ದಳು. ನಾನು ಹಿಂದೆ ಓಡಲಿಲ್ಲ.”

ತುಸು ತಡೆದು, ಅದೇ ಮಾತು, ಎಳೆಯ ದನಿಯಲ್ಲಿ, ಸ್ವಲ್ಪ ಮೇಲಿನ ಸ್ಥಾಯಿಯಲ್ಲಿ:

“ಊಟದ ಡಬ್ಬಿ ಮರೆತು ಹೋಗಿದ್ದಳು. ನಾನು ಹಿಂದೆ ಓಡಲಿಲ್ಲ.”

“ಅಷ್ಟು ಬೇಗ ಬೇಡ,” ಎಂದಳು ಅಕ್ಕ. “ಓಡಲಿಲ್ಲ ಅನ್ನೋ ಮುಂಚೆ ಸ್ವಲ್ಪ ನಿಲ್ಲು.”