ಹಡಗಿಗೆ ಬೈಯುವ ಹೆಸರು

ಎವರಿಸ್ತೊ ಒಳ್ಳೆಯ ಅಂಗಿ ಹಾಕಿಕೊಂಡು ಅತ್ತಿಗೆ ಲಿಯೊಕಾಡಿಯಳ ಮನೆಗೆ ಬಂದನೆಂದರೆ ಏನೋ ಮಸಲತ್ತು ಇದ್ದೇ ಇರುತ್ತದೆ. ಅಂದು ಜೊತೆಗೊಬ್ಬ ಸಾಕ್ಷಿಯನ್ನೂ ಕರೆತಂದಿದ್ದ. ಪಕ್ಕದ ಮನೆಯವಳಾದ ನಾನು ಉಪ್ಪು ಕೇಳುವ ನೆಪದಲ್ಲಿ ಅವರ ಹಿಂದೆಯೇ ಒಳಗೆ ನುಗ್ಗಿದೆ.

ಸುದ್ದಿ ಹವಾನಾಕ್ಕೆಲ್ಲ ಗೊತ್ತಿದ್ದದ್ದೇ. ಸ್ಪೇನ್ ರಾಜನ ಯುದ್ಧನೌಕೆ ಸಾಂತಾ ರೊಸಾಲಿಯ ಬಿರುಗಾಳಿಗೆ ಸಿಕ್ಕಿ ಮುಳುಗಿತೆಂದು ಬಂದರಿನಲ್ಲಿ ಸಾರಿದ್ದರು. ಲಿಯೊಕಾಡಿಯಳ ಗಂಡ ಬಲ್ತಸಾರ್ ಆ ಹಡಗಿನ ಬಡಗಿ. ಮರುದಿನ ಇಗರ್ಜಿಯಲ್ಲಿ ಅವನ ಹೆಸರಿನಲ್ಲಿ ಸತ್ತವರ ಪೂಜೆ. ಅದು ಮುಗಿದರೆ ಅವಳು ವಿಧವೆ. ಮಕ್ಕಳಿಲ್ಲದ್ದರಿಂದ ಮನೆ ಮೈದುನ ಎವರಿಸ್ತೊನ ಪಾಲು. ಎಂಜಲು ಕೈಯಲ್ಲಿ ಕಾಗೆ ಓಡಿಸದ ಆ ಜಿಪುಣ ಪೂಜೆಯ ಮೇಣದಬತ್ತಿಗಳನ್ನು ಆಗಲೇ ಅವಳ ಮೇಜಿನ ಮೇಲೆ ತಂದಿಟ್ಟಿದ್ದ. ಲಿಯೊಕಾಡಿಯ ಮಾತ್ರ ಕಪ್ಪು ಬಟ್ಟೆ ತೊಡಲು ಒಪ್ಪಿರಲಿಲ್ಲ.

ಸಾಕ್ಷಿಯ ಹೆಸರು ಸೆಲೆದೋನಿಯೊ. ಮುಳುಗಿದ ಹಡಗಿನಿಂದ ಬದುಕಿ ಬಂದ ನಾವಿಕನಂತೆ. ಹಡಗಿನ ಬಡಗಿ ಮುಳುಗಿದ್ದನ್ನು ಕಂಡೆನೆಂದು ನೆಲ ನೋಡುತ್ತಲೇ ಹೇಳಿದ. ನನಗೆ ಅಷ್ಟೇ ಸಾಕಾಯಿತು. ಎವರಿಸ್ತೊ ಇವನಿಗೆ ಹೆಂಡ ಕುಡಿಸಿ, ಹೇಳಿಕೊಟ್ಟು ಕರೆತಂದಿದ್ದಾನೆ ಎಂದು ಲಿಯೊಕಾಡಿಯಳ ಕಿವಿಯಲ್ಲಿ ಊದಿದೆ. ಅವಳಿಗೂ ಅದೇ ಗುಮಾನಿ.

ಬಡಗಿ ಹೇಗಿದ್ದ ಎಂದು ಕೇಳಿದಳು. ಉದ್ದಕ್ಕಿದ್ದ ಎಂದ. ಬಲ್ತಸಾರ್ ನನ್ನ ಭುಜದವರೆಗೂ ಬರುವುದಿಲ್ಲ! ಹಸಿವು, ಬಾಯಾರಿಕೆಯಲ್ಲಿ ಪಾಪ ಮರೆತಿದ್ದಾನೆ ಎಂದು ಎವರಿಸ್ತೊ ತಿಪ್ಪೆ ಸಾರಿಸಿದ.

ಲಿಯೊಕಾಡಿಯ ಮರಗೆಣಸಿನ ರೊಟ್ಟಿಯ ತಟ್ಟೆಯನ್ನು ನಾವಿಕನ ಮುಂದಿಟ್ಟು ವರಸೆ ಬದಲಿಸಿದಳು. ನಮ್ಮ ರಾಜನ ಹಡಗುಗಳಿಗೆಲ್ಲ ಸಂತರ ಹೆಸರು. ಸಂತಳ ಹೆಸರು ಹಿಡಿದು ಬೈದರೆ ಪಾಪ. ಬೈಯದೆ ನಾವಿಕನ ಕೈ ಓಡುವುದಿಲ್ಲ. ಅದಕ್ಕೇ ಪ್ರತಿ ಹಡಗಿಗೂ ಬೈಯುವುದಕ್ಕೆಂದೇ ಇನ್ನೊಂದು ಹೆಸರಿಟ್ಟಿರುತ್ತಾರೆ. ಅದು ಅಧಿಕಾರಿಗಳ ಕಿವಿಗೆ ಬೀಳುವುದಿಲ್ಲ.

"ಹಗ್ಗ ಸಿಕ್ಕಾಕ್ಕೊಂಡಾಗ ಹಡಗಿಗೆ ಏನಂತ ಬೈತಿದ್ರಪ್ಪ?"

ಅವನು ಮೊದಲ ಸಲ ತಲೆ ಎತ್ತಿದ. "ಗೊಡ್ಡು ಹಸು ಅಂತ. ಎಷ್ಟು ಎಳೆದ್ರೂ ತಿರುಗ್ತಾನೇ ಇರ್ಲಿಲ್ಲ ಅದು."

"ನಮ್ಮೋರು ಕುಂಟಿ ಅಂತಿದ್ರು. ನೀರಿಗಿಳಿಸಿದ ದಿನದಿಂದ ಒಂದು ಕಡೆಗೇ ವಾಲ್ತಿತ್ತು" ಎಂದಳು ಲಿಯೊಕಾಡಿಯ.

ಸಿಕ್ಕಿಬಿದ್ದ ಕಳ್ಳ ಎಂದುಕೊಂಡೆ. ಆದರೆ ಅವನು ಓಡಲಿಲ್ಲ, ತಡವರಿಸಲೂ ಇಲ್ಲ. ನಿಮ್ಮ ಹಡಗನ್ನು ಎಲ್ಲಿ ಕಟ್ಟಿದ್ದು ಎಂದು ಮೆಲ್ಲಗೆ ಕೇಳಿದ. ಇಲ್ಲೇ ಹವಾನಾದಲ್ಲಿ ಎಂದಳು. ಅವನದು ಸ್ಪೇನಿನ ಫೆರೋಲ್‌ನಲ್ಲಿ ಕಟ್ಟಿದ್ದಂತೆ. ರೊಸಾಲಿಯಗಳು ಎರಡಿದ್ದವು, ಮುಳುಗಿದ್ದು ಗೊಡ್ಡು ಹಸು. ಸಂತಳ ಹೆಸರಷ್ಟೇ ಗೊತ್ತಿದ್ದ ಅಧಿಕಾರಿಗಳು ಸಾವನ್ನು ತಪ್ಪು ಮನೆಗೆ ಕಳಿಸಿದ್ದರು.

ಎವರಿಸ್ತೊನ ಮುಖ ಇಂಗು ತಿಂದ ಮಂಗನಂತಾಯಿತು. ನನಗೆ ಹೇಳಲಾರದಷ್ಟು ಖುಷಿ. ಲಿಯೊಕಾಡಿಯ ನನ್ನ ಕೈ ಹಿಡಿದು ನಗುತ್ತ ಅತ್ತಳು.

ಸೆಲೆದೋನಿಯೊ ರೊಟ್ಟಿಯನ್ನು ಕೆಳಗಿಟ್ಟ.

"ಹಂಗಾದ್ರೆ ಫೆರೋಲ್‌ನಲ್ಲಿ ಯಾರಿಗೂ ಸುದ್ದಿ ಹೋಗಿಲ್ಲ. ನನ್ನ ತಮ್ಮ ನನ್ನ ಕಣ್ಮುಂದೇನೇ ಮುಳುಗಿದ. ಅಮ್ಮ ಇನ್ನೂ ಅವನ ದಾರಿ ಕಾಯ್ತಿರ್ತಾಳೆ."

ಲಿಯೊಕಾಡಿಯಳ ನಗು ನಿಂತಿತು. ಎವರಿಸ್ತೊ ಮೇಣದಬತ್ತಿಗಳನ್ನು ಬಾಚಿಕೊಳ್ಳಲು ಹೋದ. ಅವಳು ಅವುಗಳ ಮೇಲೆ ಕೈಯಿಟ್ಟಳು.

"ಅಲ್ಲೇ ಇರ್ಲಿ, ಎವರಿಸ್ತೊ. ಪೂಜೆ ನಾಳೆ ನಡೆಯುತ್ತೆ."

ಆಮೇಲೆ ನಾವಿಕನ ಕಡೆ ತಿರುಗಿದಳು. "ನಿನ್ನ ತಮ್ಮನ ಹೆಸರೇನಪ್ಪ?"